ಅಯಸ್ಕಾಂತಕ್ಕೆ ಅಂಟಿದ ಸೈಲೆನ್ಸರು

ನನ್ನ ಕಾರಿನ ಮುಂದಿನ ಖಾನೆಯಲ್ಲಿ ಒಂದು ಅಯಸ್ಕಾಂತ ಬಿದ್ದಿದೆ. ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು. ಕೋಡುಬಳೆಯಷ್ಟು ಅಗಲ, ನಡುವೆ ತೂತು, ಅಂಚಿನಲ್ಲಿ ಒಂದು ಕಡೆ ಮುಕ್ಕಾಗಿದೆ. ಇದನ್ನು ಎಸೆಯಬೇಕೆಂದು ಈ ಎರಡು ತಿಂಗಳಲ್ಲಿ ನಾಲ್ಕು ಸಲ ಕಿಟಕಿಯ ಗಾಜು ಇಳಿಸಿದ್ದೇನೆ. ನಾಲ್ಕು ಸಲವೂ ಮತ್ತೆ ಏರಿಸಿದ್ದೇನೆ. ನಿಮಗೆ ಮಿಕ್ಸರಿನ ಮೇಲೆ, ಇಸ್ತ್ರಿಪೆಟ್ಟಿಗೆಯ ಮೇಲೆ ಸಿಟ್ಟು ಬಂದಿರಬಹುದು. ಅವು ಕನಿಷ್ಠ ಕೆಟ್ಟು ಕೂತಿರುತ್ತವೆ. ಇದು ಕೆಟ್ಟಿಲ್ಲ. ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿದೆ. ನನ್ನ ತಕರಾರು ಅದೇ.

ಇದು ನಮ್ಮ ಅವ್ವನದು. ಅಥವಾ ಅವ್ವನದು ಎಂದು ನಲವತ್ತು ವರ್ಷ ನಂಬಿಕೊಂಡು ಬಂದಿದ್ದೆ. ಹಾವೇರಿಯ ನಮ್ಮ ಓಣಿಗೆ ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಭಾಂಡೆ ಕೊಡುವ ಹೆಂಗಸೊಬ್ಬಳು ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ತಾಟು, ತಂಬಿಗೆ, ಡಬ್ಬಿ. ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಯುತ್ತಿದ್ದಂತೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಅಪ್ಪನ ಎರಡು ಪ್ಯಾಂಟು, ಅಕ್ಕನ ಒಂದು ಲಂಗ ಮುಂದೆ ಹಾಕಿ ಅವ್ವ ಒಂದು ತಾಟು ಎತ್ತಿಕೊಳ್ಳುತ್ತಿದ್ದಳು. ಆಮೇಲೆ ಎಲೆಯಡಿಕೆಯ ಸಂಚಿಯಿಂದ ಈ ಅಯಸ್ಕಾಂತವನ್ನು ತೆಗೆದು ತಾಟಿನ ಬೆನ್ನಿಗೆ ಹಿಡಿಯುತ್ತಿದ್ದಳು. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಸ್ಟೀಲು.

"ಹಿಡೀತು ನೋಡವಾ, ಇದು ಕಬ್ಬಣ. ನನ್ನ ಗಂಡನ ಪ್ಯಾಂಟೇನು ಬೀದ್ಯಾಗ ಬಿದ್ದಿದ್ವೇನು?"

ಈ ಮಾತು ನನಗೆ ಅವಳ ದನಿಯಲ್ಲೇ ಕೇಳಿಸುತ್ತದೆ. ಸಂಚಿಯ ಬಣ್ಣ ಕೆಂಪು. ಅದರೊಳಗೆ ಸುಣ್ಣದ ಡಬ್ಬಿಗೆ ಅಯಸ್ಕಾಂತ ಅಂಟಿಕೊಂಡಿರುತ್ತಿತ್ತು. ಇಷ್ಟು ವಿವರ ಇರುವ ನೆನಪು ಸುಳ್ಳಾಗಲು ಹೇಗೆ ಸಾಧ್ಯ, ನೀವೇ ಹೇಳಿ.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವನು. ಇಪ್ಪತ್ತೆರಡು ವರ್ಷಗಳಿಂದ ಹಾವೇರಿಯ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಪಂಚಾಂಗ ನಂಬುವುದಿಲ್ಲ, ವಾಸ್ತು ನಂಬುವುದಿಲ್ಲ, ವಾಟ್ಸಾಪಿನ ಕಷಾಯಗಳನ್ನು ನಂಬುವುದಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ತಾಮ್ರದ ಬಿಂದಿಗೆಯ ಮಹಿಮೆ ಶುರುಮಾಡಿದರೆ ನನ್ನ ಹೆಂಡತಿ ಗಿರಿಜಾ ಮೊದಲು ನನ್ನ ಮುಖ ನೋಡಿ, ಆಮೇಲೆ ನನ್ನ ತೋಳು ಹಿಡಿಯುತ್ತಾಳೆ. ಅಂಥವನು ಒಬ್ಬ ಮನುಷ್ಯನನ್ನು ನೂರು ಜನರ ಮುಂದೆ ಕಳ್ಳ ಎಂದು ಕರೆದ. ಸಾಕ್ಷಿ ಯಾವುದು? ಈ ಮುಕ್ಕಾದ ಕೋಡುಬಳೆ.

ಎರಡು ವರ್ಷದ ಹಿಂದೆ ಕಾರಿನ ಮೂಲ ಸೈಲೆನ್ಸರು ತೂತುಬಿತ್ತು. ನನ್ನದು ಹಳೆಯ ಕಾರು. ಅದರ ಬಿಡಿಭಾಗ ಕೇಳಿದರೆ ಅಂಗಡಿಯವರು ತೀರಿಹೋದವರ ಯೋಗಕ್ಷೇಮ ಕೇಳಿದಂತೆ ಮುಖ ಮಾಡುತ್ತಾರೆ. ಹೊಸದಾಗಿಯೇ ಮಾಡಿಸಬೇಕು. ಯಾವ ಲೋಹದಲ್ಲಿ? ಇಲ್ಲಿಂದ ನನ್ನ ವಿದ್ಯೆ ಕೆಲಸ ಶುರುಮಾಡಿತು. ಒಂದು ವಾರ ಓದಿದೆ. ಬರೀ ಕಬ್ಬಿಣ ಅಗ್ಗ. ಆದರೆ ಎಂಜಿನ್ನಿನ ಹೊಗೆಯಲ್ಲಿ ನೀರಿನ ಆವಿ ಇರುತ್ತದೆ. ಮನೆಯಿಂದ ಕಾಲೇಜಿಗೆ ಎರಡು ಕಿಲೋಮೀಟರ್ ಓಡಿಸುವ ನನ್ನಂಥವನ ಕಾರಿನಲ್ಲಿ ಪೈಪು ಸರಿಯಾಗಿ ಕಾಯುವುದೇ ಇಲ್ಲ. ಆ ನೀರು ಒಳಗೇ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಲೇಪ ಕೊಟ್ಟ ಕಬ್ಬಿಣವೂ ಇದೆಯಂತೆ. ಬೆಸುಗೆ ಹಾಕಿದ ಕಡೆ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಸಂಸಾರ ಹೂಡುತ್ತದೆ. ಸ್ಟೀಲಿನಲ್ಲಿ ಹತ್ತು ಜಾತಿ. ಮೊಬೈಲಿನಲ್ಲಿ ಗಡ್ಡ ಬಿಟ್ಟ ತರುಣನೊಬ್ಬ ಟೈಟಾನಿಯಂ ಹಾಕಿಸಿ, ಕಾರು ಹಗುರಾಗುತ್ತದೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿ ಸದಾ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಹೊತ್ತು ತಿರುಗುವ ಕಾರನ್ನು ಹಗುರ ಮಾಡಿ ಏನು ಸಾಧಿಸಬೇಕೋ ಆ ಪುಣ್ಯಾತ್ಮನಿಗೇ ಗೊತ್ತು.

ಕೊನೆಗೆ ರಾಣೆಬೆನ್ನೂರಿಗೆ, ಮೇಡ್ಲೇರಿ ರಸ್ತೆಯಲ್ಲಿರುವ ಕಾಳಪ್ಪನ ಶೆಡ್ಡಿಗೆ ಹೋದೆ. ಕಾಳಪ್ಪ ಕುಪ್ಪೇಲೂರಿನವನು, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ನನಗಿಂತ ಎರಡು ವರ್ಷ ದೊಡ್ಡವನು. ಸೈಲೆನ್ಸರಿನ ಕೆಲಸಕ್ಕೆ ಬೀಳುವ ಮುಂಚೆ ಹಾವೇರಿಯ ಭಾಂಡೆ ಅಂಗಡಿಯ ಬಾಗಿಲಲ್ಲಿ ಕೂತು ಪಾತ್ರೆಗಳ ಮೇಲೆ ಹೆಸರು ಹಾಕುತ್ತಿದ್ದ. ಗುರ್ರ್ ಎನ್ನುವ ಆ ಸಣ್ಣ ಯಂತ್ರ ಗೊತ್ತಲ್ಲ, ಪೆನ್ನಿನಂತೆ ಹಿಡಿದು ಚುಕ್ಕೆಚುಕ್ಕೆಯಾಗಿ ಬರೆಯುವುದು. ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ಆಹೇರಿಗೆಂದು, ಉಡುಗೊರೆಯಾಗಿ, ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರದಿದ್ದರೆ ಕೊಟ್ಟದ್ದೇ ಲೆಕ್ಕಕ್ಕಿಲ್ಲ. ನನ್ನ ಮದುವೆಯ ಕೊಡಗಳ ಮೇಲೆ ಹೆಸರು ಹಾಕಿದವನೂ ಕಾಳಪ್ಪನೇ ಎಂದು ನನಗೆ ನೆನಪು. ಈಗ ಆ ನೆನಪಿಗೂ ಜಾಮೀನು ಕೊಡಲಾರೆ. ಆವತ್ತು ಶೆಡ್ಡಿನಲ್ಲಿ ಅವನು ಗೋಣಿತಟ್ಟಿನ ಮೇಲೆ ಬಗೆಬಗೆಯ ಪೈಪಿನ ತುಂಡುಗಳನ್ನು ಬದನೆಕಾಯಿ ಜೋಡಿಸಿದಂತೆ ಜೋಡಿಸಿ ತೋರಿಸಿದ. ನಾನು ಹೇಳಿದೆ: "ಸ್ಟೀಲೇ ಹಾಕು ಕಾಳಪ್ಪ. ಗಾಡಿ ಹೋದರೂ ಸೈಲೆನ್ಸರ್ ಇರಬೇಕು." ಅವನು ನಕ್ಕ. ಅಲ್ಲಿಗೆ ಮುಗಿಯಿತು. ಇಷ್ಟೇ ನನ್ನ ನೆನಪು.

ಎರಡು ತಿಂಗಳ ಹಿಂದೆ ಬ್ಯಾಡಗಿಯಲ್ಲಿ ಗಿರಿಜಾಳ ತಮ್ಮ ಈರಣ್ಣನ ಮಗಳಿಗೆ ನಾಮಕರಣ. ಈರಣ್ಣ ಮೆಣಸಿನಕಾಯಿಯ ವ್ಯಾಪಾರಿ. ಈಚೆಗೆ ಮನೆಯ ಹಿಂದೆಯೇ ಖಾರದ ಪುಡಿಯ ಗಿರಣಿ ಹಾಕುತ್ತಿದ್ದ. ಕಾಯಿ ಸುರಿಯುವ ದೊಡ್ಡ ಹಾಪರು, ಪುಡಿ ಇಳಿಯುವ ಕೊಳವೆ, ಎಲ್ಲ ಸ್ಟೀಲಿನಲ್ಲಿ ಆಗಬೇಕಿತ್ತು. ಆ ಕೆಲಸಕ್ಕೆ ಕಾಳಪ್ಪನ ಹೆಸರು ಹೇಳಿದವನು ನಾನೇ. ಈರಣ್ಣ ಒಪ್ಪಿ ಅಳತೆಯನ್ನೂ ಕೊಡಿಸಿದ್ದ.

ಗಿರಿಜಾ ಹಿಂದಿನ ದಿನವೇ ಹೋಗಿದ್ದಳು. ನಾನು ಒಬ್ಬನೇ ಹೊರಟೆ. ಮೋಟೆಬೆನ್ನೂರು ದಾಟುತ್ತಿದ್ದಂತೆ ಕಾರಿನ ಹಿಂದೆ ಧಡ್ ಎಂದಿತು. ಕನ್ನಡಿಯಲ್ಲಿ ನೋಡಿದರೆ ಕಿಡಿ. ಸೈಲೆನ್ಸರು ಕಳಚಿ ರಸ್ತೆಗೆ ಉಜ್ಜುತ್ತಿದೆ. ಇಳಿದು, ಆಹೇರಿಗೆಂದು ಒಯ್ಯುತ್ತಿದ್ದ ಹೊಸ ಟಾವೆಲ್ಲಿನಿಂದ ಅದನ್ನು ಎತ್ತಿ ಕಟ್ಟಿದೆ. ಸುಡುವ ಪೈಪಿಗೆ ಹತ್ತಿಯ ಟಾವೆಲ್ ಕಟ್ಟಿದವನು ರಸಾಯನಶಾಸ್ತ್ರದ ಮೇಷ್ಟ್ರು ಎಂಬುದನ್ನು ದಯವಿಟ್ಟು ಗಮನಿಸಿ. ಬ್ಯಾಡಗಿಯ ಊರೊಳಗೆ ಬರುವ ಹೊತ್ತಿಗೆ ಟಾವೆಲ್ ಕರಕಲಾಗಿತ್ತು, ಜೋಡಣೆ ಪೂರ್ತಿ ಬಿಟ್ಟಿತ್ತು, ಕಾರು ಟ್ರ್ಯಾಕ್ಟರಿನಂತೆ ಅರಚುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಒಳಗೆ ತೊಟ್ಟಿಲ ಮುಂದೆ ಸೋದರತ್ತೆಯಾದ ಗಿರಿಜಾ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಿದ್ದಳಂತೆ. ಹಾಗೆ ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅವರು ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಕೂಸು ಕಿಟಾರನೆ ಕಿರುಚಿತು. ಅದರ ಕಿವಿಗೆ ಮೊದಲು ಬಿದ್ದದ್ದು ತನ್ನ ಹೆಸರಲ್ಲ, ನನ್ನ ಸೈಲೆನ್ಸರು.

ಎಲ್ಲರೂ ಅಂಗಳಕ್ಕೆ ಬಂದರು. ಈರಣ್ಣ ಬಿಳಿ ಅಂಗಿಯ ತೋಳು ಮಡಿಸುತ್ತ, "ಬರ್ರಿ ಭಾವಾರ! ಯಾವಾಗ ತಗೊಂಡ್ರಿ ಟ್ರ್ಯಾಕ್ಟರು? ಹಿಂದ ಟ್ರೇಲಿ ಎಲ್ಲೈತಿ?" ಎಂದ. ನೂರು ಜನ ನಕ್ಕರು. ಗಿರಿಜಾ ನಗಲಿಲ್ಲ.

ನೂರು ಜನ ನಕ್ಕಾಗ ಮನುಷ್ಯನಿಗೆ ಒಬ್ಬ ಅಪರಾಧಿ ಬೇಕಾಗುತ್ತಾನೆ. ನಾನು ಖಾನೆಯಿಂದ ಅಯಸ್ಕಾಂತ ತೆಗೆದೆ. ಹೊಸ ಅಂಗಿಯಲ್ಲೇ ಅಂಗಳದಲ್ಲಿ ಅಂಗಾತ ಮಲಗಿ ಕಾರಿನ ಕೆಳಗೆ ಕೈ ಚಾಚಿದೆ. ಕಂದುಗಟ್ಟಿದ ಪೈಪಿಗೆ ಅದು ಟಕ್ಕನೆ ಅಂಟಿತು. ಆ ಟಕ್ ಶಬ್ದ ಕೇಳಿ ನನಗಾದ ಸಂತೋಷವನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಎದ್ದು ನಿಂತು ಕೂಗಿದೆ: "ನೋಡ್ರಿ ಎಲ್ಲಾರೂ! ಹಿಡೀತು! ಸ್ಟೀಲ್ ಅಂತ ಹೇಳಿ ಕಬ್ಬಣ ಜಡದಾನ ಆ ಕಾಳಪ್ಪ! ಎರಡು ವರ್ಷ ನನಗ ಟೋಪಿ ಹಾಕ್ಯಾನ, ಕಳ್ಳ!"

"ನಮ್ಮ ಹಾಪರ್ ಮಾಡೋ ಕಾಳಪ್ಪಾನ?" ಈರಣ್ಣನ ಮುಖದ ನಗು ಆರಿತು.

"ಅವನ! ಮ್ಯಾಗ್ನೆಟ್ ಸುಳ್ಳು ಹೇಳತೈತೇನು?"

ಈರಣ್ಣ ಅಲ್ಲೇ ಫೋನ್ ತೆಗೆದ. "ಕಾಳಪ್ಪ, ನಮ್ಮ ಕೆಲಸ ಬಿಟ್ಟಬಿಡಪಾ. ಯಾಕ ಅಂತ ನಮ್ಮ ಭಾವಾರನ್ನ ಕೇಳು. ನೀ ಅವರಿಗೆ ಕಬ್ಬಣ ಹಾಕಿದ್ದು ಇಲ್ಲಿ ಎಲ್ಲಾರಿಗೂ ಗೊತ್ತಾತು." ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ. ಆಮೇಲೆ ಹೋಳಿಗೆ ಊಟ. ನಾಲ್ಕು ತಿಂದೆ ಎಂದು ನೆನಪು. ಆರು ಎನ್ನುತ್ತಾಳೆ ಗಿರಿಜಾ.

ಮರುದಿನ ತಂತಿ ಕಟ್ಟಿಕೊಂಡು ರಾಣೆಬೆನ್ನೂರಿಗೆ ಹೊರಟೆ. ಇಡೀ ದಾರಿ ಅರಚಿಕೊಂಡೇ ಹೋದೆವು. ಕಾರು ಹೊರಗೆ, ನಾನು ಒಳಗೆ. ಹೇಳಬೇಕಾದ ಮಾತುಗಳನ್ನೆಲ್ಲ ಹೊಂದಿಸಿಕೊಂಡಿದ್ದೆ. ಕಾಳಪ್ಪ ಇನ್ನೊಂದು ಗಾಡಿಯ ಕೆಳಗಿದ್ದ. ಮೊದಲು ಕಾಲು ಬಂತು, ಆಮೇಲೆ ಹೊಟ್ಟೆ, ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಲ್ಲು ಕಚ್ಚಿದ ಮುಖ.

"ಏನಪಾ ಕಾಳಪ್ಪ, ಕಬ್ಬಣಾನ ಸ್ಟೀಲ್ ಮಾಡೋ ವಿದ್ಯಾ ಎಲ್ಲಿ ಕಲ್ತಿ?"

"ಕಲಿಸೋರು ನೀವು ಸರ. ನಾವೆಲ್ಲಿ ಕಲಿಯೋಣು?" ಅವನ ದನಿ ಏರಲಿಲ್ಲ. "ಕಳ್ಳ ಅಂದ್ರಂತಲ್ರಿ ನನ್ನ? ಕೂಸಿನ ಕಾರ್ಯಾದಾಗ?"

ನಾನು ಅಯಸ್ಕಾಂತವನ್ನು ಪೈಪಿಗೆ ಹಿಡಿದೆ. ಟಕ್.

"ಹಿಡೀತು," ಎಂದ ಕಾಳಪ್ಪ. "ಹಿಡೀಬೇಕು. ಹಿಡೀಲಿಲ್ಲಂದ್ರ ನಾ ಕಳ್ಳ. ಇದು ಮ್ಯಾಗ್ನೆಟ್ ಹಿಡಿಯೋ ಸ್ಟೀಲು ಸರ. ಕಂಪನಿ ಗಾಡಿಗೂ ಇದನ್ನ ಹಾಕ್ತಾರ. ಭಾಂಡೆ ಸ್ಟೀಲು ಕಾದ್ರ ಭಾಳ ಹಿಗ್ಗತೈತಿ, ಬೆಸಗಿ ಬಿರೀತೈತಿ, ಗಾಡಿಗೆ ಇದ ಛಲೋ ಅಂದಿದ್ದೆ. ಮ್ಯಾಲ ಕಂದ ಬಣ್ಣ ಬರತೈತಿ, ತೂತ ಬೀಳಂಗಿಲ್ಲ ಅಂತನೂ ಅಂದಿದ್ದೆ. ಎರಡೂ ತುಂಡು ನಿಮ್ಮ ಕೈಯಾಗ ಕೊಟ್ಟಿದ್ದೆ."

"ನನಗ ನೆನಪಿಲ್ಲ."

"ನಿಮಗ ನೆನಪಿಲ್ಲ! ನೀವ ಆವತ್ತ ಈ ಸ್ಟೂಲಿನ ಮ್ಯಾಲ ಕುಂತು, ಇದರಾಗ ನಿಕಲ್ ಇರಂಗಿಲ್ಲ ಕಾಳಪ್ಪ, ಅದಕ್ಕ ಮ್ಯಾಗ್ನೆಟ್ ಹಿಡಿತೈತಿ, ಕ್ರೋಮಿಯಂ ಇರತೈತಿ, ಅದಕ್ಕ ಬಾಳಿಕಿ ಬರತೈತಿ ಅಂತ ಅರ್ಧಾ ತಾಸು ಪಾಠಾ ಮಾಡಿದ್ರಿ. ನಾ ಎರಡ ಸಲ ಚಾ ತರಿಸೇನಿ. ನಿಮ್ಮ ಪಾಠಾ ನನಗ ಬಾಯಿಪಾಠ ಆಗೇತಿ, ನಿಮಗ ಮರತೈತಿ!"

ನಿಜ ಹೇಳಬೇಕೆಂದರೆ ಅದು ನನ್ನ ಪಾಠವೇ. ಪ್ರತಿ ವರ್ಷ ಎರಡನೆಯ ಸೆಮಿಸ್ಟರಿನಲ್ಲಿ ಮಾಡುತ್ತೇನೆ. ಕಪ್ಪು ಹಲಗೆಯ ಮುಂದೆ ಗೊತ್ತಿರುವುದು ಬ್ಯಾಡಗಿಯ ಅಂಗಳದಲ್ಲಿ ಗೊತ್ತಿರಲಿಲ್ಲ. ಅಲ್ಲಿ ನಾನು ಎಂ.ಎಸ್ಸಿ. ಆಗಿರಲಿಲ್ಲ, ನಮ್ಮ ಓಣಿಯ ಕಟ್ಟೆಯ ಮೇಲಿನ ಹುಡುಗನಾಗಿದ್ದೆ. ಆದರೆ ಸೋಲುವವನ ಕೊನೆಯ ಹತಾರ ಸಿಟ್ಟು ತಾನೆ? ಅದನ್ನೇ ಎತ್ತಿಕೊಂಡೆ.

"ಹಂಗಾದ್ರ ಮುರೀತ್ಯಾಕ?"

"ಪೈಪೆಲ್ಲಿ ಮುರದೈತ್ರಿ? ಮುರದದ್ದು ಪಟ್ಟಿ." ಸೈಲೆನ್ಸರನ್ನು ಎತ್ತಿ ಹಿಡಿಯುವ ಪಟ್ಟಿಯ ತುಂಡನ್ನು ಅವನು ಬೆರಳಿನಲ್ಲಿ ಒತ್ತಿದ. ಅದು ಹುರಿದ ಹಪ್ಪಳದಂತೆ ಪುಡಿಯಾಯಿತು. "ಇದು ಕಬ್ಬಣ."

"ನೋಡು! ನೀನ ಒಪ್ಪಿದಿ!"

"ಪಟ್ಟಿ ಕಬ್ಬಣದ್ದ ಹಾಕು ಅಂದೋರ ಯಾರ್ರಿ?"

"ನಾನಂತೂ ಅಲ್ಲ."

ಕಾಳಪ್ಪ ವಾದ ಮಾಡಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ತೆಗೆದುಕೊಂಡು ಸೊಂಟ ಹಿಡಿದು ಮತ್ತೆ ಕೆಳಗೆ ನುಸುಳಿದ. ನನ್ನನ್ನೂ ಕರೆದ. ಇಬ್ಬರೂ ಪಕ್ಕಪಕ್ಕ ಅಂಗಾತ ಮಲಗಿದೆವು. ಪೈಪಿನ ಮೇಲಿನ ಮಸಿ, ಕೆಸರು ಉಜ್ಜಿದ ಹಾಗೆ ಚುಕ್ಕೆಚುಕ್ಕೆಯ ಅಕ್ಷರಗಳು ಎದ್ದವು.

"ಪೈಪ ಕಂಪನಿ ಸ್ಟೀಲ. ಪಟ್ಟಿ ಕಬ್ಬಣ. ಸರ ಹೇಳಿದಾಂಗ."

"ನಾ ಪ್ರತಿ ಕೆಲಸಕ್ಕೂ ಬರೀತೇನಿ," ಎಂದ. "ಭಾಂಡೆ ಅಂಗಡಿ ಚಟ. ಯಾರ ಕೊಟ್ಟಿದ್ದು, ಯಾರಿಗೆ ಕೊಟ್ಟಿದ್ದು ಬರೀಲಿಲ್ಲಂದ್ರ ನಾಳೆ ಜಗಳ."

ನಾನು ಸುಮ್ಮನೆ ಒಪ್ಪಿಕೊಳ್ಳುವ ಜಾತಿಯಲ್ಲ. ಇದನ್ನು ನಿನ್ನೆ ರಾತ್ರಿ ಕೊರೆದಿರಬಹುದೇ ಎಂದು ಯೋಚಿಸಿದೆ. ಕಾರು ನನ್ನ ಹತ್ತಿರವೇ ಇತ್ತಲ್ಲ ಎಂಬುದು ಆಮೇಲೆ ಹೊಳೆಯಿತು. ಆದರೂ ಉಗುರಿನಿಂದ ಚುಕ್ಕೆಗಳನ್ನು ಕೆದಕಿದೆ. ಎರಡು ಮಳೆಗಾಲದ ಮಣ್ಣು ಗಟ್ಟಿಯಾಗಿ ಕೂತಿತ್ತು.

ಅಲ್ಲೇ ಮಲಗಿದ್ದಾಗ ಇನ್ನೊಂದು ಪಾಠ ನೆನಪಾಯಿತು, ಇದೂ ನಾನೇ ಮಾಡುವುದು. ಎರಡು ಬೇರೆ ಲೋಹಗಳನ್ನು ಜೋಡಿಸಿ ಒದ್ದೆಯಲ್ಲಿಟ್ಟರೆ ಅವುಗಳಲ್ಲಿ ಕೀಳಾದದ್ದು ಬೇಗ ಸಾಯುತ್ತದೆ. ಅಷ್ಟು ದೊಡ್ಡ ಸ್ಟೀಲ್ ಪೈಪಿಗೆ ಇಷ್ಟೇ ಇಷ್ಟು ಕಬ್ಬಿಣದ ಪಟ್ಟಿ ಕಟ್ಟಿದರೆ ಪಟ್ಟಿಯ ಗತಿ ಕೇಳುವುದೇ ಬೇಡ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಬರೆದವರನ್ನು ನಾನು ಎಬ್ಬಿಸಿ ನಿಲ್ಲಿಸಿದ್ದೇನೆ.

"ಪಟ್ಟಿ ಯಾರ ನೋಡ್ತಾರ, ಕಬ್ಬಣದ್ದ ಹಾಕು" ಎಂದು ನಾನು ಹೇಳಿದ್ದು ಆಗ ನೆನಪಿಗೆ ಬಂತು. ಸ್ಟೂಲು, ಚಹಾದ ಗಾಜಿನ ಲೋಟ, ಅದರ ತಳದಲ್ಲಿ ಉಳಿದ ಸಕ್ಕರೆ, ಎಲ್ಲ ಸಮೇತ. ಆದರೆ ಅದು ನಿಜವಾದ ನೆನಪೋ, ಆ ಚುಕ್ಕೆಗಳನ್ನು ಓದಿದ ಮೇಲೆ ತಲೆಯು ಗಡಿಬಿಡಿಯಲ್ಲಿ ಹೊಲಿದು ಕೊಟ್ಟದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಸಿಟ್ಟು ತರಿಸುವುದು ನಾನು ಮಾಡಿದ ತಪ್ಪಲ್ಲ. ಅಂಥದೇ ವಿವರಗಳನ್ನು ಇಟ್ಟುಕೊಂಡು ಇನ್ನೊಂದು ಸುಳ್ಳು ಅಲ್ಲೇ ಪಕ್ಕದಲ್ಲಿ ಕೂತಿರಬಹುದು ಎಂಬುದು.

ಕೆಳಗಿನಿಂದ ಎದ್ದು ಬಂದ ಮೇಲೆ ಕಾಳಪ್ಪ ತನ್ನ ಮಾತು ಹೇಳಿದ. "ಸರ, ಬೆನ್ನ ಹೋಗೇತಿ ನಂದು. ಗಾಡಿ ಕೆಳಗ ಮಲಗಾಕ ಆಗವಲ್ದು. ಇನ್ನ ಕರೆಂಟಿನ ಗಾಡಿ ಬರಾಕತ್ತಾವ, ಅವಕ್ಕ ಸೈಲೆನ್ಸರ ಇರಂಗಿಲ್ಲ. ಈರಣ್ಣಾರ ಗಿರಣಿ ಕೆಲಸಾ ಛಂದ ಮಾಡಿದ್ರ ಬ್ಯಾಡಗ್ಯಾಗ ಇನ್ನ ನಾಕ ಗಿರಣಿಯೋರು ಕರೀತಾರ, ನಿಂತ ಮಾಡೋ ಕೆಲಸಾ ಸಿಗತೈತಿ ಅಂದ್ಕೊಂಡಿದ್ದೆ. ನೀವ ಕೊಡಿಸಿದ್ರಿ. ನೀವ ಕಸ್ಗೊಂಡ್ರಿ."

ಏನಾದರೂ ಮಾಡಬೇಕಲ್ಲ ಎಂದು, "ಆ ಮಷೀನ್ ಕೊಡು ಕಾಳಪ್ಪ, ಆ ಅಕ್ಷರದ ಕೆಳಗ 'ತಪ್ಪು ಸರದ್ದು' ಅಂತ ನಾನ ಬರೀತೇನಿ" ಎಂದೆ. ಅದು ಬಹಳ ದೊಡ್ಡ ಮನಸ್ಸಿನ ಮಾತು ಎಂದು ಹೇಳುವಾಗ ಅನಿಸಿತ್ತು.

ಅವತ್ತು ಮೊದಲ ಸಲ ಕಾಳಪ್ಪನ ದನಿ ಏರಿತು. "ಗಾಡಿ ಕೆಳಗ ಬರದ್ರ ಯಾರ ಓದ್ತಾರ್ರಿ? ಓಣ್ಯಾನ ನಾಯಿ ಓದಬೇಕು! ಎಲ್ಲಿ ಒದರಿದ್ರೋ ಅಲ್ಲಿ ಹೋಗಿ ಹೇಳ್ರಿ!"

ಹೊಸ ಪಟ್ಟಿಯನ್ನು ಪೈಪಿನ ಸ್ಟೀಲಿನಲ್ಲೇ ಮಾಡಿ ಹಾಕಿದ. ಅದರ ಮೇಲೆ ಏನನ್ನೂ ಬರೆಯಲಿಲ್ಲ. ಅಷ್ಟು ಅವಮಾನ ನನಗೆ ಬೇರೆ ಯಾವುದರಿಂದಲೂ ಆಗಿಲ್ಲ.

ಹಾವೇರಿಗೆ ಬಂದವನು ನೇರ ಅಕ್ಕನ ಮನೆಗೆ ಹೋದೆ. ಯಾರಾದರೂ ನನ್ನ ಪರ ಮಾತಾಡಲಿ ಎಂಬ ಆಸೆ. ಅಕ್ಕ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ನಡೆದದ್ದೆಲ್ಲ ಹೇಳಿ, "ಅವ್ವನ ಮ್ಯಾಗ್ನೆಟ್ ನನಗ ಹಿಂಗ ಮೋಸ ಮಾಡ್ತು ನೋಡಕ್ಕ" ಎಂದೆ.

"ಅವ್ವನ ಮ್ಯಾಗ್ನೆಟ್ಟಾ?" ಅಕ್ಕ ಕೈ ನಿಲ್ಲಿಸಿದಳು. "ಅವ್ವಗ ಮ್ಯಾಗ್ನೆಟ್ ಯಾವಾಗ ಗೊತ್ತಿತ್ತೋ? ಅದು ನಿಂದು. ಅಪ್ಪನ ರೇಡಿಯೋ ಬಿಚ್ಚಿ ಕಿತ್ತಿದ್ದಿ. ಕೋಲು ಮುರಿಯೋತನಕ ಬಡಿಸ್ಗೊಂಡಿದ್ದಿ, ಅದೂ ಮರತೀಯೇನು?"

"ರೇಡಿಯೋ ತಾನ ಬಿದ್ದು ಒಡದಿತ್ತು."

"ಹೂಂ, ಬಿದ್ದಿತ್ತು. ಬಿದ್ದು ತನ್ನ ಸ್ಕ್ರೂ ತಾನ ಬಿಚ್ಕೊಂಡಿತ್ತು." ಅವಳು ಮತ್ತೆ ಬೀಜ ತೆಗೆಯತೊಡಗಿದಳು. "ಭಾಂಡೆ ಬಂದ ಕೂಡ್ಲೆ ನೀನ ಓಡಿ ಹೋಗಿ ಎಲ್ಲಾದಕ್ಕೂ ಅದನ್ನ ಹಿಡೀತಿದ್ದಿ, ಕಬ್ಬಣ ಕಬ್ಬಣ ಅಂತ ಒದರ್ತಿದ್ದಿ. ಅವ್ವ ನಿನ್ನ ತಲಿಗೆ ಮೊಟಕಿ ಒಳಗ ಅಟ್ಟತಿದ್ಲು. ಆಕಿ ಏನ್ ಮಾಡ್ತಿದ್ಲು ಗೊತ್ತೈತೇನು? ತಾಟಿಗೆ ಹುಣಸಿಹಣ್ಣು, ಉಪ್ಪು ಹಚ್ಚಿ ಒಂದ ರಾತ್ರಿ ಇಡ್ತಿದ್ಲು. ಮುಂಜಾನೆ ಕಲಿ ಬಿದ್ದಿದ್ರ ವಾಪಸ್. ಆ ಹೆಂಗಸೂ ಮರುದಿನ ಬರ್ತೇನಿ ಅಂತ ಇಟ್ಟು ಹೋಗ್ತಿದ್ಲು."

ಹುಳಿ ಮತ್ತು ಉಪ್ಪು. ಲೋಹವನ್ನು ತಿನ್ನಲು ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ; ಪ್ರಯೋಗಶಾಲೆಯಲ್ಲಿ ನಾವು ಹೆಚ್ಚು ಕಡಿಮೆ ಇದನ್ನೇ ದುಬಾರಿ ಬಾಟಲಿಯಿಂದ ಸುರಿಯುತ್ತೇವೆ. ಶಾಲೆಯ ಮೆಟ್ಟಿಲು ಹತ್ತದ ಅವ್ವ ಸರಿಯಾದ ಪರೀಕ್ಷೆ ಮಾಡಿ, ಒಂದು ರಾತ್ರಿ ಕಾದು, ಆಮೇಲೆ ಮಾತಾಡುತ್ತಿದ್ದಳು. ಒದರುತ್ತಿದ್ದವನು ನಾನು. ನನ್ನ ಮೂರ್ಖತನವನ್ನು ನಲವತ್ತು ವರ್ಷ ಅವಳ ಸಂಚಿಯಲ್ಲಿ ಇಟ್ಟಿದ್ದೆ. ಹಾಗಾದರೆ "ನನ್ನ ಗಂಡನ ಪ್ಯಾಂಟೇನು ಬೀದ್ಯಾಗ ಬಿದ್ದಿದ್ವೇನು" ಎಂದವರು ಯಾರು? ಕೇಳಿದೆ. "ಅದು ಖರೇ ಅಂದಿದ್ಲು. ಆದ್ರ ನಿನಗ. ಅಪ್ಪನ ಪ್ಯಾಂಟ್ ಕತ್ತರಿಸಿ ಗಾಳಿಪಟಕ್ಕ ಬಾಲಂಗೋಚಿ ಮಾಡಿದಾಗ," ಎಂದಳು ಅಕ್ಕ.

ಆ ಭಾನುವಾರ ಬ್ಯಾಡಗಿಗೆ ಹೋದೆ. ಕಾರು ಈ ಸಲ ಬೆಕ್ಕಿನಂತೆ ಬಂತು. ಈರಣ್ಣ ಗಿರಣಿಯ ಶೆಡ್ಡಿನಲ್ಲಿದ್ದ. ನಾಲ್ಕಾರು ವ್ಯಾಪಾರಿಗಳು ಹೊಸ ಯಂತ್ರ ನೋಡಲು ಬಂದಿದ್ದರು. ನಾಮಕರಣದ ದಿನ ಅಂಗಳದಲ್ಲಿ ನಕ್ಕ ಮುಖಗಳೇ. ಹಾಪರಿಗೆ ಬೇರೆ ಯಾರೋ ಮಾದರಿಗೆಂದು ಕೊಟ್ಟುಹೋದ ತಗಡಿನ ತುಂಡೊಂದು ಈರಣ್ಣನ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ, ನಂಬಿ, ಒಂದು ಹೊಚ್ಚಹೊಸ ಅಯಸ್ಕಾಂತ.

"ಬರ್ರಿ ಭಾವಾರ! ನಿಮ್ಮಿಂದ ಕಲ್ತ್ವಿ ನೋಡ್ರಿ. ಈಗ ನಮ್ಮ ಓಣ್ಯಾಗ ಎಲ್ಲಾರೂ ಇದನ್ನ ಇಟ್ಕೊಂಡಾರ. ನೋಡ್ರಿ, ಹಿಡಿಯಂಗಿಲ್ಲ. ಅಸಲಿ ಮಾಲು!"

ನಾನು ಶಾಂತವಾಗಿ, ತರಗತಿಯ ದನಿಯಲ್ಲಿ ವಿವರಿಸಿದೆ. ಅಯಸ್ಕಾಂತ ಹಿಡಿಯುವ ಒಳ್ಳೆಯ ಸ್ಟೀಲಿದೆ. ಹಿಡಿಯದ ಕೆಟ್ಟ ಸ್ಟೀಲೂ ಇದೆ. ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ್ದು, ಹೊಳೆಯುತ್ತದೆ, ಹುಳಿ ಖಾರ ತಾಗಿದರೆ ಕಲೆ ಬೀಳುತ್ತದೆ. ಕಾಳಪ್ಪ ಹಾಕಿದ್ದು ಒಳ್ಳೆಯದೇ. ಮುರಿದ ಪಟ್ಟಿ ನಾನು ಹೇಳಿ ಹಾಕಿಸಿದ್ದು. ಪೈಪಿನ ಮೇಲೆ ಬರೆದಿದೆ, ಬೇಕಿದ್ದರೆ ಕಾರಿನ ಕೆಳಗೆ ಬಂದು ಓದು.

"ಬಿಳಿ ಅಂಗಿ ಹಾಕ್ಕೊಂಡೇನಿ ಭಾವಾರ," ಎಂದ ಈರಣ್ಣ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಮಾಡುವವನಂತೆ, "ನಿಮ್ಮ ಮನಸ್ಸು ಭಾಳ ಒಳ್ಳೇದು. ಅವ ಬಂದು ಅತ್ತಿರಬೇಕು, ನೀವು ಕರಗಿದ್ರಿ. ಆವತ್ತು ಸಿಟ್ಟಿನಾಗ ಖರೇ ಹೊರಗ ಬಂತು. ಇವತ್ತು ಇಷ್ಟು ತಣ್ಣಗ ಹೇಳಾಕತ್ತೀರಿ ಅಂದ್ರ ಯಾರಿಗೋಸ್ಕರನೋ ಹೇಳಾಕತ್ತೀರಿ" ಎಂದ.

ವ್ಯಾಪಾರಿಗಳು ತಲೆಯಾಡಿಸಿದರು. ನಾನು ನಿಧಾನವಾಗಿ ಹೇಳಿದ ನಿಜಕ್ಕೆ ಅಲ್ಲಿ ಬೆಲೆಯಿಲ್ಲ. ಅರಚಿ ಹೇಳಿದ ಸುಳ್ಳಿಗೆ ಇದೆ. ಆಗ ಬಂತು ನೋಡಿ ನನಗೆ ಸಿಟ್ಟು, ನಾಮಕರಣದ ದಿನ ಬಂದದ್ದು ಅದರ ಮುಂದೆ ಏನೂ ಅಲ್ಲ.

"ಲೇ ಈರಣ್ಣ!" ಎಂದೆ. ಹಿಂದೆಂದೂ ಅವನಿಗೆ ನಾನು ಲೇ ಅಂದವನಲ್ಲ. "ಆವತ್ತು ಒದರಿದ್ದು ಸುಳ್ಳು! ನಾ ಹೇಳಿ ಹಾಕಿಸಿದ ಪಟ್ಟಿ ಮುರೀತು, ನಾ ಹೇಳಿದ್ದು ನನಗ ನೆನಪಿರಲಿಲ್ಲ, ನೂರು ಮಂದಿ ನಕ್ರು ಅಂತ ಒಬ್ಬ ಬೆನ್ನ ಹೋದ ಮನಶ್ಯಾನ ಅನ್ನ ಕಸ್ಗೊಂಡೆ! ಕಳ್ಳ ಅವನಲ್ಲ, ನಾನು! ಅತ್ತೀ! ಹುಣಸಿಹಣ್ಣು ತರ್ರಿ! ಉಪ್ಪೂ ತರ್ರಿ!"

ಮನೆಯ ಹಿಂದಿನ ಬಾಗಿಲಿನಿಂದ ಈರಣ್ಣನ ತಾಯಿ, ನನ್ನ ಅತ್ತೆ, ಗಾಬರಿಯಾಗಿ ಬಟ್ಟಲು ಹಿಡಿದು ಬಂದರು. ನಾನು ಆ ಅಸಲಿ ತಗಡಿನ ಮೇಲೆ ಹುಣಸೆಹಣ್ಣು, ಉಪ್ಪು ಬಳಿದೆ. ಕಾಳಪ್ಪ ಹಿಂದೆ ಕೊಟ್ಟುಹೋಗಿದ್ದ ತುಂಡು ಮೂಲೆಯಲ್ಲಿ ಬಿದ್ದಿತ್ತು, ಅದಕ್ಕೂ ಬಳಿದೆ. ಒಬ್ಬರೂ ನಗಲಿಲ್ಲ. ಕೂಸು ಒಳಗೆ ಅಳುತ್ತಿತ್ತು. ಅದಕ್ಕೆ ನನ್ನ ಬಗ್ಗೆ ಏನು ಅಭಿಪ್ರಾಯವೋ.

ಆ ದಿನ ಅಲ್ಲೇ ಉಳಿದೆ. ಮುಂಜಾನೆ ಅತ್ತೆಯೇ ಎರಡೂ ತುಂಡು ತೊಳೆದು ತಂದರು. ಕಾಳಪ್ಪನದು ಇದ್ದಂತೆಯೇ ಇತ್ತು. ಅಸಲಿ ಮಾಲಿನ ಮೇಲೆ ಸಿಡುಬಿನಂತೆ ಕಂದು ಚುಕ್ಕೆಗಳು. ಈರಣ್ಣ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. ಆದರೆ ಅವನು ಹೇಳಿದ ಮಾತು ಬೇರೆ: "ನೀವು ನಿನ್ನೆ ಲೇ ಅಂದಾಗನ ನನಗ ಖರೇ ಅನಿಸ್ತು ಭಾವಾರ." ಫೋನ್ ಹಚ್ಚಿದ. ಎಲ್ಲರಿಗೂ ಕೇಳುವಂತೆ ಇಟ್ಟ.

"ಕಾಳಪ್ಪ, ತಪ್ಪಾತಪಾ. ಕೆಲಸಾ ನಿಂದ. ಯಾವಾಗ ಬರ್ತಿ?"

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. ಆಮೇಲೆ: "ಸರ ಅಲ್ಲೇ ಅದಾರೇನ್ರಿ? ಅವರ ಕೈಯಾಗ ಕೊಡ್ರಿ."

ತೆಗೆದುಕೊಂಡೆ.

"ಸರ, ಬರ್ತೇನಿ. ಆದ್ರ ಹಾಪರ್ ಮ್ಯಾಲ ಯಾರ ಹೇಳಿದಾಂಗ ಅಂತ ಬರೀಲಿ?"

ಬೆಳಗಿನ ಚಹಾದಲ್ಲಿ ಸಕ್ಕರೆ ಇತ್ತೋ ಇಲ್ಲವೋ ಎಂದು ಕೇಳಿದರೆ ಪ್ರಮಾಣ ಮಾಡಲಾರದ ಮನುಷ್ಯ ನಾನು. ಆದರೂ ಹೇಳಿದೆ: "ನನ್ನ ಹೆಸರು ಬರಿ."

"ಎಲ್ಲಿ ಬರೀಲಿ?"

"ಎಲ್ಲಾರಿಗೂ ಕಾಣೋ ಕಡೆ."

ಹೋದ ವಾರ ಗಿರಣಿ ಶುರುವಾಯಿತು. ಹಾಪರು ನಿಂತಿದೆ. ನನ್ನ ಮುಖದ ಎತ್ತರಕ್ಕೆ ಸರಿಯಾಗಿ, ಮದುವೆಯ ಕೊಡದ ಮೇಲೆ ಹಾಕುವಂಥ ಅಂದದ ಚುಕ್ಕೆಯ ಅಕ್ಷರ: "ಭಾಂಡೆ ಸ್ಟೀಲ. ಮಾಡಿದವ ಕಾಳಪ್ಪ. ನಾಗರಾಜ ಸರ ಹೇಳಿದಾಂಗ." ಚುಕ್ಕೆಗಳಲ್ಲಿ ಆಗಲೇ ಖಾರದ ಪುಡಿ ಕೂತು ನನ್ನ ಹೆಸರು ಕೆಂಪಾಗಿದೆ. ಕಾಳಪ್ಪ ಮೂಲೆಯಲ್ಲಿ ನೆಟ್ಟಗೆ ನಿಂತು ಪಕ್ಕದ ಗಿರಣಿಯವನಿಗೆ ಏನೋ ಅಳತೆ ಹೇಳುತ್ತಿದ್ದ.

ಯಾರೂ ನೋಡುತ್ತಿರಲಿಲ್ಲ. ಜೇಬಿನಿಂದ ಅಯಸ್ಕಾಂತ ತೆಗೆದು ಹಾಪರಿಗೆ ಹಿಡಿದೆ. ಅಂಟಲಿಲ್ಲ. ಅಲ್ಲಿಗೆ ಬಿಡಬೇಕಿತ್ತು. ಕೆಳಗೆ ಸರಿಸಿದೆ. ತಗಡು ಬಾಗಿದ ಅಂಚಿನಲ್ಲಿ ಅದು ಸಣ್ಣಗೆ, ಮಗು ಬೆರಳು ಹಿಡಿದಂತೆ, ಹಿಡಿಯಿತು. ಬಾಗಿಸಿದ ಜಾಗದಲ್ಲಿ ಒಳ್ಳೆಯ ಸ್ಟೀಲೂ ಹಾಗೆ ಮಾಡುತ್ತದೆ. ನನಗೆ ಗೊತ್ತು. ಪಾಠ ಮಾಡಿದ್ದೇನೆ. ಆದರೂ ನನ್ನ ತಲೆ ಗಕ್ಕನೆ ಕಾಳಪ್ಪನ ಕಡೆ ತಿರುಗಿತು. ಅವನು ನನ್ನನ್ನೇ ನೋಡುತ್ತಿದ್ದ. ಅಳತೆಯ ಟೇಪು ಕೈಯಲ್ಲಿ, ಮಾತು ಅರ್ಧಕ್ಕೆ ನಿಂತಿತ್ತು.

ಅಯಸ್ಕಾಂತವನ್ನು ಕಿತ್ತು ಜೇಬಿಗೆ ತುರುಕಿಕೊಂಡೆ. ಆ ಉರಿಯಲ್ಲೇ ಮನೆಗೆ ಬರುವ ದಾರಿಯಲ್ಲಿ ನಾಲ್ಕನೆಯ ಸಲ ಗಾಜು ಇಳಿಸಿದೆ.